ಬೆಟ್ಟದ ದಾರಿ, ಕಾಡುಹೂವು ಮತ್ತು ನಾಲ್ಕು ಕಾಲಿನ ಸಂಗಾತಿ

"ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ" ಎಂಬ ಗಾದೆಯನ್ನು ಕನ್ನಡಿಗರು ಎಚ್ಚರಿಕೆಯ ಮಾತಾಗಿಯೇ ಬಳಸುವುದುಂಟು. ಹತ್ತಿರ ಹೋದರೆ ಕಲ್ಲುಮುಳ್ಳು ಕಾಣುತ್ತದೆ ಎಂಬುದು ಅದರ ತಾತ್ಪರ್ಯ. ಆದರೆ ಭಾದ್ರಪದ ಮಾಸದಲ್ಲಿ ಸಹ್ಯಾದ್ರಿಯ ಯಾವುದಾದರೊಂದು ಬೆಟ್ಟವನ್ನು ಹತ್ತಿ ನೋಡಿದವರಿಗೆ ಈ ಗಾದೆಯ ಇನ್ನೊಂದು ಮುಖವೂ ತಿಳಿಯುತ್ತದೆ. ದೂರಕ್ಕೆ ಬರಿಯ ಹಸುರಾಗಿ ಕಂಡ ಇಳಿಜಾರು, ಬಗ್ಗಿ ನೋಡಿದಾಗ ಹಳದಿ, ನೇರಿಳೆ, ಗುಲಾಬಿ ಬಣ್ಣದ ಅಸಂಖ್ಯಾತ ಪುಟ್ಟ ಹೂಗಳ ಹಾಸಾಗಿರುತ್ತದೆ.

ಪುಣೆ, ಮುಂಬಯಿಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ಈ ಪರ್ವತ ಪರಕೀಯವಲ್ಲ. ತಾಪಿ ನದಿಯ ದಕ್ಷಿಣಕ್ಕೆ ಆರಂಭವಾಗಿ ಸುಮಾರು 1,600 ಕಿಲೋಮೀಟರ್ ಸಾಗಿ ಕನ್ಯಾಕುಮಾರಿಯ ಸಮೀಪ ಮುಗಿಯುವ ಈ ಶ್ರೇಣಿಯೇ ಆಗುಂಬೆಯ ಘಟ್ಟವೂ ಹೌದು, ಲೋನಾವಳದ ಘಟ್ಟವೂ ಹೌದು. ಆದರೂ ಎಂಟು ಗಂಟೆಗಳ ಕಾಲ ಕುರ್ಚಿಯಲ್ಲಿ ಕುಳಿತು, ಎರಡು ಗಂಟೆ ಲೋಕಲ್ ರೈಲಿನಲ್ಲೋ ಬಸ್ಸಿನಲ್ಲೋ ನಿಂತು ದಿನ ಕಳೆಯುವ ನೌಕರವರ್ಗಕ್ಕೆ ಬೆಟ್ಟವು ಕಿಟಕಿಯಾಚೆಯ ಚಿತ್ರವಾಗಿಯೇ ಉಳಿದುಬಿಡುತ್ತದೆ. ನಲವತ್ತು ದಾಟುವಷ್ಟರಲ್ಲಿ ರಕ್ತದೊತ್ತಡ, ಮಧುಮೇಹ, ಬೊಜ್ಜುಗಳು ಒಂದೊಂದಾಗಿ ಮನೆ ಸೇರುತ್ತವೆ.

ಈಚಿನ ವರ್ಷಗಳಲ್ಲಿ ಹಲವು ಕುಟುಂಬಗಳು ರಜಾದಿನದಂದು ಬೆಳಿಗ್ಗೆ ಹೊರಟು ಸಂಜೆಗೆ ಮರಳುವ ಬೆಟ್ಟದ ನಡಿಗೆಯನ್ನು ರೂಢಿಸಿಕೊಂಡಿವೆ. ಕೈಯಲ್ಲಿ ಕ್ಯಾಮೆರಾ ಅಥವಾ ಮೊಬೈಲ್, ಜೊತೆಯಲ್ಲಿ ಮನೆಯ ನಾಯಿ. ಇದು ಸ್ವಾಗತಾರ್ಹವಾದ ಹವ್ಯಾಸ. ಮಧ್ಯವಯಸ್ಸಿನವರಿಗೆ ಬೆಟ್ಟದ ನಡಿಗೆಯಲ್ಲಿ ಹಿತಕರವಾದದ್ದು ಶಿಖರ ಮುಟ್ಟುವುದಲ್ಲ, ನಿಧಾನ. ಹೂವಿನ ಚಿತ್ರ ತೆಗೆಯುವ ಆಸೆಯೂ ನಾಯಿಯ ಪಾಲನೆಯೂ ಮನುಷ್ಯನಿಗೆ ಆ ನಿಧಾನವನ್ನು ತಾವಾಗಿ ಕಲಿಸಬಲ್ಲವು. ಆದರೆ ಯಾವ ವ್ಯವಹಾರದಲ್ಲೂ ಜಮೆಯೊಡನೆ ಖರ್ಚಿನ ಬಾಬೂ ಇರುವಂತೆ, ಇದರಲ್ಲಿಯೂ ಕೆಲವು ಹೊಣೆಗಳಿವೆ. ಅವುಗಳನ್ನು ಅರಿಯದೆ ಹೊರಟರೆ ನಷ್ಟವಾಗುವುದು ಹೂವಿಗೆ, ನಾಯಿಗೆ, ಕೆಲವೊಮ್ಮೆ ಒಡೆಯನ ಪ್ರಾಣಕ್ಕೆ.

ದೇಹಕ್ಕೆ ದೊರೆಯುವ ಲಾಭ

ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷಗಳಷ್ಟು ಮಧ್ಯಮ ತೀವ್ರತೆಯ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರ ತನ್ನ ಮಾರ್ಗಸೂಚಿಯಲ್ಲಿ ಹೇಳಿದೆ. ಮಧ್ಯಮ ತೀವ್ರತೆಯನ್ನು ಅಳೆಯಲು ಯಂತ್ರವೇನೂ ಬೇಕಿಲ್ಲ. ನಡೆಯುತ್ತಿರುವಾಗ ಪಕ್ಕದವರೊಡನೆ ಮಾತನಾಡಲು ಸಾಧ್ಯವಾಗಬೇಕು, ಆದರೆ ಹಾಡಲು ಉಸಿರು ಸಾಲದಂತಿರಬೇಕು. ಮಾತೂ ತುಂಡಾಗತೊಡಗಿದರೆ ವೇಗ ಹೆಚ್ಚಾಯಿತೆಂದೇ ಅರ್ಥ. ಏರುದಾರಿಯಲ್ಲಿ ಹೃದಯ ಮತ್ತು ಶ್ವಾಸಕೋಶಗಳಿಗೆ ಕೆಲಸ ಹೆಚ್ಚು. ಇಳಿಯುವಾಗ ತೊಡೆಯ ಸ್ನಾಯುಗಳು ಹಿಗ್ಗುತ್ತಲೇ ಭಾರ ತಡೆಯಬೇಕಾಗುವುದರಿಂದ ಮರುದಿನ ತೊಡೆ ನೋಯುತ್ತದೆ, ಮಂಡಿಗಳ ಮೇಲೂ ಒತ್ತಡ ಹೆಚ್ಚುತ್ತದೆ. ಇಳಿಯುವಾಗ ಚಿಕ್ಕ ಚಿಕ್ಕ ಹೆಜ್ಜೆಯಿಟ್ಟು, ಊರುಗೋಲನ್ನು ಬಳಸುವುದು ಜಾಣತನ.

ಕಣ್ಣಿಗೂ ಇದರಿಂದ ವಿಶ್ರಾಂತಿಯುಂಟು. ದಿನವಿಡೀ ಗಣಕಯಂತ್ರದ ಪರದೆಯನ್ನೋ ಕಾಗದಪತ್ರವನ್ನೋ ಸಮೀಪದಿಂದ ನೋಡುವಾಗ ಕಣ್ಣಿನೊಳಗಿನ ಸ್ನಾಯು ಸದಾ ಬಿಗಿದುಕೊಂಡಿರುತ್ತದೆ. ದೂರದ ಕಣಿವೆಯತ್ತ ದೃಷ್ಟಿ ಹಾಯಿಸಿದಾಗ ಅದು ಸಡಿಲಗೊಳ್ಳುತ್ತದೆ.

ರಕ್ತದೊತ್ತಡ, ಹೃದ್ರೋಗ ಅಥವಾ ಮಧುಮೇಹವುಳ್ಳವರು ಮೊದಲ ಬೆಟ್ಟಕ್ಕೆ ಮುನ್ನ ವೈದ್ಯರ ಸಲಹೆ ಪಡೆಯಬೇಕು. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಜೇಬಿನಲ್ಲಿ ಸಕ್ಕರೆಯನ್ನೋ ಬೆಲ್ಲದ ತುಂಡನ್ನೋ ಇಟ್ಟುಕೊಂಡಿರಬೇಕು. ನಡುಕ, ಬೆವರು, ಕಣ್ಣು ಕತ್ತಲೆ ಕಾಣಿಸಿದೊಡನೆ ಅದನ್ನು ತಿಂದು ಕುಳಿತುಕೊಳ್ಳಬೇಕು. ಎದೆಯಲ್ಲಿ ಬಿಗಿತ, ಎಡತೋಳಿಗೋ ದವಡೆಗೋ ಹರಡುವ ನೋವು ಕಂಡರೆ "ಇನ್ನೇನು ಬಂದೇಬಿಟ್ಟಿತು" ಎಂಬ ಹುಮ್ಮಸ್ಸಿಗೆ ಅವಕಾಶ ಕೊಡದೆ ಅಲ್ಲಿಯೇ ನಿಲ್ಲಬೇಕು, ನೆರವು ಕರೆಯಬೇಕು.

ವೇಳೆಯ ಲೆಕ್ಕ

ಒಂದು ಬೆಟ್ಟಕ್ಕೆ ಎಷ್ಟು ಹೊತ್ತು ಬೇಕೆಂಬುದನ್ನು ಅಂದಾಜು ಮಾಡಲು ವಿಲಿಯಂ ನೇಸ್ಮಿತ್ ಎಂಬ ಸ್ಕಾಟ್‌ಲೆಂಡಿನ ಪರ್ವತಾರೋಹಿಯು 1892ರಲ್ಲಿ ಒಂದು ಸರಳ ಸೂತ್ರವನ್ನು ಕೊಟ್ಟರು. ಪ್ರತಿ 3 ಮೈಲಿ, ಅಂದರೆ ಸುಮಾರು 5 ಕಿಲೋಮೀಟರ್ ದಾರಿಗೆ ಒಂದು ಗಂಟೆ, ಅದರ ಜೊತೆಗೆ ಪ್ರತಿ 2,000 ಅಡಿ, ಅಂದರೆ ಸುಮಾರು 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಪುಣೆಯ ನೈರುತ್ಯಕ್ಕೆ ಸುಮಾರು 30 ಕಿಲೋಮೀಟರ್ ದೂರದಲ್ಲಿರುವ ಸಿಂಹಗಡವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಆತಕರವಾಡಿಯಿಂದ ಕಾಲುದಾರಿ ಮೂರು ಕಿಲೋಮೀಟರಿಗಿಂತ ಕಡಿಮೆ, ಏರು ಮಾತ್ರ ಸುಮಾರು 600 ಮೀಟರ್. ಸೂತ್ರದಂತೆ ಒಂದೂವರೆ ಗಂಟೆ.

ಆದರೆ ಈ ಲೆಕ್ಕ ನಿಲ್ಲದೆ ನಡೆಯುವ ದೃಢಕಾಯರಿಗೆ ಮಾತ್ರ. ಹೂವಿಗಾಗಿ ಕುಳಿತು ಏಳುವವರು, ನಾಯಿಗೆ ನೀರು ಕುಡಿಸುವವರು ಇದನ್ನು ಎರಡರಷ್ಟು ಮಾಡಿಕೊಳ್ಳಬೇಕು. ಮೂರು ಗಂಟೆ ಏರಲು, ಎರಡು ಗಂಟೆ ಇಳಿಯಲು ಎಂದಾದರೆ ಬೆಳಿಗ್ಗೆ ಆರಕ್ಕೆ ಕಾಲುದಾರಿ ಹಿಡಿಯುವುದೇ ಸರಿ. ಬೆಳಗಿನ ಬೆಳಕು ಚಿತ್ರಕ್ಕೆ ಸೊಗಸು, ಬೆಳಗಿನ ತಂಪು ನಾಯಿಗೆ ಕ್ಷೇಮ. ಮಳೆಗಾಲದ ಕೊನೆಯಲ್ಲಿ ಮಧ್ಯಾಹ್ನಾನಂತರ ಗುಡುಗು ಮಿಂಚು ಸಾಮಾನ್ಯವಾದುದರಿಂದ ಅಷ್ಟರೊಳಗೆ ಬಯಲು ನೆತ್ತಿಯನ್ನು ಬಿಟ್ಟು ಕೆಳಗಿಳಿದಿರುವುದೂ ಅವಶ್ಯಕ. ಮಿಂಚಿಗೂ ಗುಡುಗಿಗೂ ನಡುವೆ 30 ಸೆಕೆಂಡಿಗಿಂತ ಕಡಿಮೆ ಅಂತರವಿದ್ದರೆ ಅಪಾಯ ಸಮೀಪದಲ್ಲಿದೆಯೆಂದು ತಿಳಿಯಬೇಕು. ಒಂಟಿ ಮರದ ಕೆಳಗೆ ಆಶ್ರಯ ಪಡೆಯಲೇಬಾರದು.

ಹೂಗಳ ಲೋಕ

ಸಹ್ಯಾದ್ರಿಯ ನೆತ್ತಿಯ ಮೇಲೆ ಅಲ್ಲಲ್ಲಿ ಮುರಕಲ್ಲಿನ ಬಯಲುಗಳಿವೆ. ಕರಾವಳಿಯವರು ಮನೆ ಕಟ್ಟಲು ಬಳಸುವ ಅದೇ ಕೆಂಪು ಕಲ್ಲು. ಇದರ ಮೇಲಿನ ಮಣ್ಣಿನ ಪದರ ಬಹಳ ತೆಳು, ಬೇಸಿಗೆಯಲ್ಲಿ ಅಲ್ಲಿ ಹುಲ್ಲೂ ಒಣಗಿಹೋಗುತ್ತದೆ. ಮರ ಬೇರೂರಲಾರದ ಈ ನೆಲದಲ್ಲಿ ಮಳೆ ಬಿದ್ದೊಡನೆ ಮೊಳೆತು, ನಾಲ್ಕು ತಿಂಗಳೊಳಗೆ ಹೂಬಿಟ್ಟು, ಬೀಜ ಕಟ್ಟಿ ಸಾಯುವ ಗಿಡಗಳೇ ಹೆಚ್ಚು. ಸಾತಾರಾ ನಗರದ ಸಮೀಪದ ಕಾಸ್ ಪ್ರಸ್ಥಭೂಮಿ ಇವುಗಳಲ್ಲಿ ಅತ್ಯಂತ ಪ್ರಸಿದ್ಧ. 2012ರಲ್ಲಿ ಯುನೆಸ್ಕೋ ಪಶ್ಚಿಮಘಟ್ಟದ 39 ತಾಣಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದಾಗ ಕಾಸ್ ಕೂಡ ಅದರಲ್ಲಿತ್ತು. ಆಗಸ್ಟ್ ಕೊನೆಯಿಂದ ಅಕ್ಟೋಬರ್ ಮೊದಲ ವಾರಗಳವರೆಗೆ ಅಲ್ಲಿ ಹೂವಿನ ಸುಗ್ಗಿ.

ಆದರೆ ಹೂವು ನೋಡಲು ಕಾಸ್‌ಗೇ ಹೋಗಬೇಕೆಂದಿಲ್ಲ. ಅದೇ ಜಾತಿಯ ಹಲವು ಗಿಡಗಳು ಸಾಮಾನ್ಯ ಬೆಟ್ಟಗಳಲ್ಲೂ ಸಿಗುತ್ತವೆ. ಇಳಿಜಾರನ್ನೆಲ್ಲ ಹಳದಿಯಾಗಿಸುವುದು ಮರಾಠಿಗರು ಸೋನ್ಕಿ ಎನ್ನುವ ಹೂವು. ತೇವದ ಬಂಡೆಗಳಲ್ಲಿ ಗುಲಾಬಿ ಬಣ್ಣದಲ್ಲಿ ಅರಳುವ ತೇರಡಾ, ಕನ್ನಡಿಗರ ಕರ್ಣಕುಂಡಲದ ಬಳಗ. ಹಳದಿ ಎಸಳಿನ ಮೇಲೆ ಎರಡು ಕೆಂಪು ಬೊಟ್ಟಿಟ್ಟಂತೆ ಕಾಣುವುದು ಕವಳಾ. ನೀರು ನಿಂತ ಜಾಗದಲ್ಲಿ ನೇರಿಳೆಯಾಗಿ ಹರಡುವ ಹೂವಿಗೆ ಮರಾಠಿಯಲ್ಲಿ ಸೀತೆಯ ಕಣ್ಣೀರು ಎಂಬರ್ಥದ ಹೆಸರಿದೆ. ಕೋಮಲವಾಗಿ ಕಾಣುವ ಈ ಗಿಡ ಕೀಟಾಹಾರಿ. ನೆಲದಡಿಯ ಸೂಕ್ಷ್ಮ ಚೀಲಗಳಿಂದ ನೀರಿನ ಅಣುಜೀವಿಗಳನ್ನು ಹೀರಿಕೊಂಡು, ಬಡಮಣ್ಣಿನಲ್ಲಿ ಸಿಗದ ಸಾರಜನಕವನ್ನು ಹೀಗೆ ಪಡೆಯುತ್ತದೆ. ನೆಲದಲ್ಲೇ ಬೆಳೆಯುವ ಆರ್ಕಿಡ್‌ಗಳೂ ಉಂಟು, ಮಲೆನಾಡಿನ ಮರಗಳಲ್ಲಿ ತೂಗುವ ಸೀತಾಳೆಯ ದೂರದ ನೆಂಟರು.

ಕಾರ್ವಿ ಎಂಬ ಪೊದೆಗಿಡದ ರೀತಿಯೇ ಬೇರೆ. ಏಳೆಂಟು ವರ್ಷಗಳಿಗೊಮ್ಮೆ ಬೆಟ್ಟದ ಗಿಡಗಳೆಲ್ಲ ಒಟ್ಟಿಗೆ ಹೂಬಿಟ್ಟು, ಬೀಜ ಕಟ್ಟಿ, ಒಟ್ಟಿಗೆ ಸಾಯುತ್ತವೆ. ಮುಂಬಯಿಯ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದಲ್ಲಿ 2016ರಲ್ಲಿ, ಮತ್ತೆ 2024ರಲ್ಲಿ ಹೀಗೆ ಕಾರ್ವಿ ಅರಳಿತು. ಹನ್ನೆರಡು ವರ್ಷಗಳಿಗೊಮ್ಮೆ ಅರಳುವ ನೀಲಕುರಿಂಜಿ ಇದೇ ಕುಲಕ್ಕೆ ಸೇರಿದುದು.

ಈ ಸಂಪತ್ತಿನ ದೌರ್ಬಲ್ಯವೂ ಇದೇ. ಒಂದೇ ಋತುವಿನ ಗಿಡವನ್ನು ಬೀಜ ಕಟ್ಟುವ ಮುನ್ನ ತುಳಿದರೆ, ಹಾಳಾಗುವುದು ಬರುವ ವರ್ಷದ ಹೂವು. ಅಸಲು ಉಳಿದರೆ ತಾನೆ ಬಡ್ಡಿ! ಆದುದರಿಂದ ಮನುಷ್ಯರೂ ನಾಯಿಯೂ ಸವೆದ ಕಾಲುದಾರಿಯನ್ನು ಬಿಡಬಾರದು. ಹೂವಿನ ನಡುವೆ ಕುಳಿತು, ಮಲಗಿ ಚಿತ್ರ ತೆಗೆಸಿಕೊಳ್ಳುವ ಚಪಲವನ್ನು ತಡೆದುಕೊಳ್ಳಬೇಕು.

ಚಿತ್ರ ತೆಗೆಯುವ ಬಗೆ

ಹೂವಿನ ಚಿತ್ರಕ್ಕೆ ಪ್ರಖರ ಬಿಸಿಲಿಗಿಂತ ತೆಳುಮೋಡದ ಬೆಳಕು ಉತ್ತಮ. ನೆರಳು ಗಾಢವಾಗದೆ ಎಸಳಿನ ನರಗಳೂ ಕಾಣುತ್ತವೆ. ನಿಂತುಕೊಂಡು ಮೇಲಿನಿಂದ ತೆಗೆದ ಚಿತ್ರದಲ್ಲಿ ಹೂವು ಹುಲ್ಲಿನಲ್ಲಿ ಕಳೆದುಹೋಗುತ್ತದೆ. ಕ್ಯಾಮೆರಾವನ್ನು ಹೂವಿನ ಎತ್ತರಕ್ಕೇ ಇಳಿಸಿದರೆ ಹಿನ್ನೆಲೆಯಲ್ಲಿ ಬೆಟ್ಟವೂ ಆಕಾಶವೂ ಬಂದು ಚಿತ್ರಕ್ಕೆ ಜೀವ ಬರುತ್ತದೆ. ಗಾಳಿಗೆ ತೊನೆಯುವ ಹೂವಿಗೆ ಶಟರ್ ವೇಗವನ್ನು ಸೆಕೆಂಡಿನ 250ನೆಯ ಒಂದು ಭಾಗ ಅಥವಾ ಅದಕ್ಕಿಂತ ಹೆಚ್ಚು ವೇಗಕ್ಕೆ ಇಡಬೇಕು. ವಿಸ್ತಾರವಾದ ಕಣಿವೆಯ ನೋಟಕ್ಕೆ ಅಪರ್ಚರ್ 8ರಿಂದ 11ರ ನಡುವೆ ಇದ್ದರೆ ಹತ್ತಿರದ ಬಂಡೆಯಿಂದ ದೂರದ ಶಿಖರದವರೆಗೆ ಸ್ಪಷ್ಟತೆ ಸಿಗುತ್ತದೆ. ನಾಯಿಯ ಚಿತ್ರವನ್ನೂ ಅದರ ಕಣ್ಣಿನ ಮಟ್ಟದಿಂದಲೇ, ಕಣ್ಣಿನ ಮೇಲೆ ಫೋಕಸ್ ಮಾಡಿ ತೆಗೆಯಬೇಕು. ಮೊಬೈಲ್ ಇದ್ದವರಿಗೂ ಬೆಳಕು ಮತ್ತು ಎತ್ತರದ ಈ ಮಾತುಗಳು ಅಷ್ಟೇ ಅನ್ವಯಿಸುತ್ತವೆ.

ಮಳೆಗಾಲದ ತೇವದಿಂದ ಲೆನ್ಸಿನೊಳಗೆ ಬೂಷ್ಟು ಹಿಡಿಯುವುದುಂಟು. ಮನೆಗೆ ಮರಳಿದೊಡನೆ ಕ್ಯಾಮೆರಾವನ್ನು ಒರೆಸಿ, ಸಿಲಿಕಾ ಜೆಲ್ ಪೊಟ್ಟಣದೊಡನೆ ಗಾಳಿಯಾಡದ ಡಬ್ಬಿಯಲ್ಲಿಡಬೇಕು.

ಇಲ್ಲಿ ಆರೋಗ್ಯಕ್ಕೆ ಸಂಬಂಧಿಸಿದ ಎರಡು ಸಂಗತಿಗಳಿವೆ. ಹೂವಿನ ಮುಂದೆ ಬಹಳ ಹೊತ್ತು ಕುಕ್ಕರಗಾಲಿನಲ್ಲಿ ಕುಳಿತು ಥಟ್ಟನೆ ಎದ್ದರೆ ರಕ್ತದೊತ್ತಡ ಕ್ಷಣಕಾಲ ಇಳಿದು ತಲೆ ಸುತ್ತುವುದುಂಟು. ರಕ್ತದೊತ್ತಡದ ಮಾತ್ರೆ ಸೇವಿಸುವವರಲ್ಲಿ ಇದು ಹೆಚ್ಚು. ಮೊದಲು ಒಂದು ಮಂಡಿಯೂರಿ, ಕೋಲನ್ನು ಹಿಡಿದು, ನಿಧಾನವಾಗಿ ಏಳಬೇಕು. ಎರಡನೆಯದಾಗಿ, ಕ್ಯಾಮೆರಾದ ಕಿಂಡಿಯಲ್ಲಿ ಕಣ್ಣಿಟ್ಟುಕೊಂಡು ಒಂದು ಹೆಜ್ಜೆಯನ್ನೂ ಇಡಬಾರದು, ಮುಖ್ಯವಾಗಿ ಹಿಂದಕ್ಕೆ. ನಾಯಿಯ ಹಗ್ಗವನ್ನು ಮುಂಗೈಗೆ ಸುತ್ತಿಕೊಂಡು ಕಡಿದಾದ ಅಂಚಿನಲ್ಲಿ ಚಿತ್ರ ತೆಗೆಯುವುದಂತೂ ಅನಾಹುತಕ್ಕೆ ಆಹ್ವಾನ. ಒಂದು ಕೋತಿಯನ್ನು ಕಂಡು ನಾಯಿ ಜಗ್ಗಿದರೆ ಸಾಕು. ಚಿತ್ರ ತೆಗೆಯುವಾಗ ಹಗ್ಗ ಇನ್ನೊಬ್ಬರ ಕೈಯಲ್ಲಿರಬೇಕು.

ಮೂಕ ಸಂಗಾತಿಯ ಕಷ್ಟ

ಒಂದು ಸನ್ನಿವೇಶವನ್ನು ಕಲ್ಪಿಸಿಕೊಳ್ಳಬಹುದು. ಅಕ್ಟೋಬರ್ ತಿಂಗಳ ಒಂದು ಭಾನುವಾರ. ಗೃಹಸ್ಥರೊಬ್ಬರು ಉಪಾಹಾರ ಮುಗಿಸಿ, ಮನೆಯ ಲ್ಯಾಬ್ರಡಾರ್ ನಾಯಿಯೊಡನೆ ಹತ್ತು ಗಂಟೆಗೆ ಬೆಟ್ಟದ ಬುಡದಲ್ಲಿದ್ದಾರೆ. ಮೊದಲ ಅರ್ಧ ಗಂಟೆ ನಾಯಿಯೇ ಮುಂದೆ. ಆಮೇಲೆ ಅದು ಪಕ್ಕಕ್ಕೆ ಬರುತ್ತದೆ, ಅನಂತರ ಹಿಂದೆ ಬೀಳುತ್ತದೆ. ನಾಲಿಗೆ ಉದ್ದಕ್ಕೆ ಜೋತಿದೆ, ಜೊಲ್ಲು ಅಂಟಂಟಾಗಿದೆ. ಅದು ಸಿಕ್ಕ ಸಿಕ್ಕ ನೆರಳಿನಲ್ಲಿ ಮಲಗಲು ನೋಡುತ್ತದೆ. "ಸೋಮಾರಿ, ಏಳು" ಎಂದು ಒಡೆಯರು ಕರೆದಾಗ ಎದ್ದು ಬರುತ್ತದೆ. ಎದ್ದು ಬಂದುದರಿಂದ ಅದಕ್ಕೆ ಶಕ್ತಿಯಿದೆಯೆಂದು ಅವರು ತಿಳಿಯುತ್ತಾರೆ. ಬಿದ್ದುಹೋಗುವ ಕ್ಷಣದವರೆಗೂ ಒಡೆಯನನ್ನು ಹಿಂಬಾಲಿಸುವುದು ನಾಯಿಯ ಸ್ವಭಾವ ಎಂಬುದನ್ನು ಅವರು ಮರೆತಿದ್ದಾರೆ. ಈ ಅವಸ್ಥೆಯಲ್ಲಿ ಅರ್ಧ ಗಂಟೆಯ ವಿಳಂಬವೂ ಪ್ರಾಣಾಂತಿಕವಾಗಬಹುದು.

ಮನುಷ್ಯನಿಗೆ ಮೈಯೆಲ್ಲ ಬೆವರುತ್ತದೆ. ನಾಯಿಗೆ ಬೆವರುವುದು ಅಂಗಾಲಿನಲ್ಲಿ ಮಾತ್ರ, ಅದೂ ಅತ್ಯಲ್ಪ. ಏದುಸಿರೇ ಅದರ ಮುಖ್ಯ ತಂಪುಕಾರಿ. ಅದರ ಸಹಜ ಉಷ್ಣತೆ 38.3ರಿಂದ 39.2 ಡಿಗ್ರಿ ಸೆಲ್ಸಿಯಸ್. 41 ದಾಟಿದರೆ ಮಿದುಳು, ಮೂತ್ರಪಿಂಡ, ಕರುಳುಗಳಿಗೆ ಹಾನಿಯಾಗತೊಡಗುತ್ತದೆ. ಕಡುಗೆಂಪಾದ ಒಸಡು, ತೂರಾಡುವ ನಡಿಗೆ, ವಾಂತಿ ಇವು ಉಷ್ಣಾಘಾತದ ಲಕ್ಷಣಗಳು. ಕೂಡಲೇ ನೆರಳಿಗೆ ಒಯ್ದು, ಮೈಮೇಲೆಲ್ಲ ತಣ್ಣೀರು ಸುರಿದು, ಗಾಳಿ ಬೀಸಬೇಕು. ಪ್ರಜ್ಞೆಯಿದ್ದರೆ ಸ್ವಲ್ಪ ಸ್ವಲ್ಪವಾಗಿ ನೀರು ಕುಡಿಸಬೇಕು, ಬಲವಂತವಾಗಿ ಬಾಯಿಗೆ ಹೊಯ್ಯಬಾರದು. ಅದನ್ನು ನಡೆಸದೆ ಹೊತ್ತುಕೊಂಡೇ ಪಶುವೈದ್ಯರಲ್ಲಿಗೆ ಒಯ್ಯಬೇಕು. ಚೇತರಿಸಿಕೊಂಡಂತೆ ಕಂಡರೂ ವೈದ್ಯರ ಪರೀಕ್ಷೆ ತಪ್ಪಿಸಬಾರದು.

ಬಂಡೆಯ ಕಾವನ್ನು ತಿಳಿಯಲು ಅಂಗೈಯ ಹಿಂಭಾಗವನ್ನು ಅದರ ಮೇಲೆ ಏಳು ಸೆಕೆಂಡು ಇಟ್ಟು ನೋಡಬೇಕು. ಕೈಗೆ ತಡೆಯದ ಬಿಸಿ ನಾಯಿಯ ಪಾದಕ್ಕೂ ತಡೆಯದು. ಪಗ್‌ನಂಥ ಚಪ್ಪಟೆ ಮೂತಿಯ ನಾಯಿಗಳಿಗೆ ಏದುಸಿರಿನಿಂದ ತಂಪಾಗುವ ಶಕ್ತಿಯೇ ಕಡಿಮೆ. ಅವುಗಳನ್ನು ಬೆಟ್ಟಕ್ಕೆ ಒಯ್ಯದಿರುವುದು ಲೇಸು. ಮರಿಗಳಿಗೂ ಮುದಿನಾಯಿಗಳಿಗೂ ಇದೇ ಮಾತು. ಬಾಗಲಕೋಟೆ ಜಿಲ್ಲೆಯ ಹೆಮ್ಮೆಯಾದ, 2005ರಲ್ಲಿ ಅಂಚೆಚೀಟಿಯ ಗೌರವ ಪಡೆದ ಮುಧೋಳ ನಾಯಿಯ ಮೈಕಟ್ಟು ತೆಳು, ಕೂದಲು ಗಿಡ್ಡ, ಓಟ ಸಹಜ. ಆದರೆ ಅದು ಕಣ್ಣಿನಿಂದ ಬೇಟೆಯಾಡುವ ತಳಿ. ಮೊಲವೊಂದು ಕಂಡರೆ ಒಡೆಯನ ಕೂಗು ಅದರ ಕಿವಿಗೆ ಬೀಳದು. ಯಾವ ತಳಿಯೇ ಇರಲಿ, ಬೆಟ್ಟದಲ್ಲಿ ಹಗ್ಗ ಬಿಚ್ಚಬಾರದು.

ಊಟದ ವಿಷಯದಲ್ಲೂ ಎಚ್ಚರಿಕೆ ಬೇಕು. ಸಿಂಹಗಡದ ಮೇಲೆ ಸಿಗುವ ಪಿಠಲೆ-ಭಾಕರಿಯನ್ನು ಕಂಡ ಉತ್ತರ ಕರ್ನಾಟಕದವರಿಗೆ ಝುಣಕ-ರೊಟ್ಟಿ ನೆನಪಾಗದಿರದು. ನಾಯಿಯೂ ಆಸೆಯಿಂದ ನೋಡುತ್ತದೆ. ಆದರೆ ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತಕಣಗಳನ್ನು ನಾಶಮಾಡುತ್ತವೆ. ದ್ರಾಕ್ಷಿ, ಚಾಕೊಲೇಟ್ ಕೂಡ ಅದಕ್ಕೆ ವಿಷ. ಬರಿಯ ಭಾಕರಿಯ ತುಂಡು ಕೊಡಬಹುದು. ಬೇಲಿಗಳಲ್ಲಿ ಬೆಂಕಿಯ ನಾಲಿಗೆಯಂತೆ ಅರಳುವ ಅಗ್ನಿಶಿಖೆ ಚಿತ್ರಕ್ಕೆ ಚೆಂದ. ಆದರೆ ಅದರ ಗಿಡವೆಲ್ಲ, ಮುಖ್ಯವಾಗಿ ಗಡ್ಡೆ, ಮನುಷ್ಯನಿಗೂ ನಾಯಿಗೂ ಘೋರ ವಿಷ.

ಕಣ್ಣಿಗೆ ಕಾಣದ ಶತ್ರುಗಳು

ಮಳೆಗಾಲದ ಮುಖ್ಯ ಅಪಾಯ ಇಲಿಜ್ವರ. ಇಲಿ, ದನ, ನಾಯಿಗಳ ಮೂತ್ರದಿಂದ ರೋಗಾಣುಗಳು ನಿಂತ ನೀರಿಗೆ ಸೇರಿ, ಕಾಲಿನ ಗಾಯದ ಮೂಲಕ ಮನುಷ್ಯನ ದೇಹವನ್ನು ಹೊಗುತ್ತವೆ. 2005ರ ಜುಲೈ ಮಹಾಪೂರದ ನಂತರ ಮುಂಬಯಿಯಲ್ಲಿ ಈ ರೋಗ ಹರಡಿದ್ದು ಹಲವರಿಗೆ ನೆನಪಿರಬಹುದು. ಕಾಲಿನಲ್ಲಿ ಗಾಯವಿದ್ದರೆ ಕೊಚ್ಚೆಗೆ ಇಳಿಯಬಾರದು. ನಾಯಿಗೆ ಹೊಂಡದ ನೀರು ಕುಡಿಯಗೊಡದೆ ಮನೆಯ ನೀರನ್ನೇ ಕೊಡಬೇಕು. ಬೆಟ್ಟದಿಂದ ಬಂದ ಕೆಲವು ದಿನಗಳಲ್ಲಿ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಂಡರೆ ವೈದ್ಯರಿಗೆ ಬೆಟ್ಟಕ್ಕೆ ಹೋಗಿದ್ದ ಸಂಗತಿಯನ್ನು ತಪ್ಪದೆ ತಿಳಿಸಬೇಕು. ನಾಯಿಗೆ ಇಲಿಜ್ವರ ಮತ್ತು ರೇಬೀಸ್ ಎರಡರ ಲಸಿಕೆಯೂ ವರ್ಷ ವರ್ಷ ಆಗಿರಬೇಕು.

ಎರಡನೆಯ ಶತ್ರು ಉಣ್ಣೆ. ಮನೆಗೆ ಬಂದೊಡನೆ ನಾಯಿಯ ಕಿವಿಯೊಳಗೆ, ಬೆರಳ ಸಂದಿನಲ್ಲಿ, ಕತ್ತುಪಟ್ಟಿಯ ಅಡಿಯಲ್ಲಿ ಹುಡುಕಬೇಕು. ಕಚ್ಚಿಕೊಂಡ ಉಣ್ಣೆಯನ್ನು ಚಿಮಟದಿಂದ ಚರ್ಮಕ್ಕೆ ಸಮೀಪ ಹಿಡಿದು ನೇರವಾಗಿ ಎಳೆಯಬೇಕು. ಸೀಮೆಎಣ್ಣೆ ಹಾಕುವುದು, ಬೆಂಕಿ ತಾಗಿಸುವುದು ತಪ್ಪು. ರಜೆಗೆ ಊರಿಗೆ ಹೋಗುವವರು ಇನ್ನೊಂದು ವಿಷಯವನ್ನು ನೆನಪಿಡಬೇಕು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆಯನ್ನು ಹರಡುವುದು ಕಾಡಿನ ಉಣ್ಣೆಯೇ. ಅದರ ಕಾಲ ಮುಖ್ಯವಾಗಿ ಡಿಸೆಂಬರಿನಿಂದ ಮೇ. ಆ ತಿಂಗಳುಗಳಲ್ಲಿ, ಮಂಗಗಳು ಸತ್ತ ಸುದ್ದಿಯಿರುವ ಕಾಡಿಗೆ ಮನುಷ್ಯರೂ ಹೋಗಬಾರದು, ನಾಯಿಯನ್ನೂ ಒಯ್ಯಬಾರದು.

ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಸಲ್ಲದು. ಕಚ್ಚಿದ ಅಂಗವನ್ನು ಅಲುಗಾಡಿಸದೆ ಆಸ್ಪತ್ರೆ ಸೇರಬೇಕು. ನಾಯಿಗೂ ಪ್ರತಿವಿಷದ ಚಿಕಿತ್ಸೆಯುಂಟು.

ನಾಯಿ ಹೋಗಬಾರದ ಸ್ಥಳಗಳು

ರಾಷ್ಟ್ರೀಯ ಉದ್ಯಾನ, ಅಭಯಾರಣ್ಯಗಳಿಗೂ ಕಾಸ್‌ನಂಥ ಸೂಕ್ಷ್ಮ ತಾಣಗಳಿಗೂ ನಾಯಿಯನ್ನು ಒಯ್ಯಲೇಬಾರದು. ಇದು ಕೇವಲ ನಿಯಮದ ಮಾತಲ್ಲ. 2018ರಲ್ಲಿ ಗುಜರಾತಿನ ಗಿರ್ ಅರಣ್ಯದಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಿಂಹಗಳು ಸತ್ತಾಗ, ನಾಯಿಗಳಲ್ಲಿ ಸಾಮಾನ್ಯವಾಗಿರುವ ಡಿಸ್ಟೆಂಪರ್ ಎಂಬ ವೈರಸ್ ಅವುಗಳಲ್ಲಿ ಕಂಡುಬಂದಿತು. ಮನೆಯ ಮುದ್ದಿನ ನಾಯಿ ಕಾಡಿನ ಪ್ರಾಣಿಗೆ ರೋಗವಾಹಕವಾಗಬಲ್ಲುದು. ಕಾಡಂಚಿನಲ್ಲಿ ಚಿರತೆಗೆ ಆಹಾರವೂ ಆಗಬಲ್ಲುದು. ಕೋಟೆಗಳಿಗೆ ಹೋಗುವ ಮುನ್ನ ನಾಯಿಗೆ ಅನುಮತಿಯಿದೆಯೇ ಎಂದು ವಿಚಾರಿಸಬೇಕು. ಊರ ಸಮೀಪದ ಸಾಮಾನ್ಯ ಗುಡ್ಡ, ಟೇಕಡಿಗಳೇ ನಾಯಿಯೊಡನೆ ನಡೆಯಲು ತಕ್ಕವು.

ಹೊರಡುವ ಮುನ್ನ

ಪ್ರತಿಯೊಬ್ಬರಿಗೂ ಎರಡರಿಂದ ಮೂರು ಲೀಟರ್ ನೀರು, ನಾಯಿಗೆ ಬೇರೆಯಾಗಿ ಒಂದೆರಡು ಲೀಟರ್ ಮತ್ತು ಅಗಲವಾದ ಬಟ್ಟಲು. ಜಾರದ ಅಡಿಯ ಬೂಟು, ಟೋಪಿ, ಮಳೆಯಂಗಿ, ಊರುಗೋಲು, ಟಾರ್ಚು. ಹತ್ತಿ, ಪಟ್ಟಿ, ಚಿಮಟ, ಓ.ಆರ್.ಎಸ್. ಪೊಟ್ಟಣ, ನಿತ್ಯದ ಔಷಧಗಳು. ಇಂಬಳಕ್ಕೆ ಉಪ್ಪಿನ ಪೊಟ್ಟಣ. ನಾಯಿಯ ಕತ್ತಿಗೆ ಒಡೆಯರ ಫೋನ್ ಸಂಖ್ಯೆಯ ಬಿಲ್ಲೆ. ಸಮೀಪದ ಆಸ್ಪತ್ರೆ ಮತ್ತು ಪಶುವೈದ್ಯರ ಸಂಖ್ಯೆಗಳನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಬೇಕು, ಬೆಟ್ಟದಲ್ಲಿ ಮೊಬೈಲಿನ ಬ್ಯಾಟರಿಯನ್ನು ನಂಬುವಂತಿಲ್ಲ. ಯಾವ ಬೆಟ್ಟ, ಯಾವ ದಾರಿ, ಮರಳುವ ಹೊತ್ತು ಯಾವುದು ಎಂಬುದನ್ನು ಮನೆಯಲ್ಲಿ ಒಬ್ಬರಿಗೆ ಹೇಳಿ ಹೊರಡಬೇಕು.

ಇಷ್ಟಾದ ಮೇಲೂ ಅರ್ಧದಾರಿಯಲ್ಲೇ ಮರಳಬೇಕಾಗಿ ಬರಬಹುದು. ನಾಯಿ ನೆರಳಿನಲ್ಲಿ ಮಲಗಿ ಏಳದಿದ್ದರೆ, ಮೋಡ ಕವಿದರೆ, ಉಸಿರು ತುಂಡಾದರೆ ಇಳಿದುಬಿಡುವುದೇ ವಿವೇಕ. ಶಿಖರ ಮುಂದಿನ ವಾರವೂ ಅಲ್ಲಿಯೇ ಇರುತ್ತದೆ. ಅರ್ಧದಾರಿಯಲ್ಲೂ ಹೂವುಗಳಿಗೆ ಕೊರತೆಯಿಲ್ಲ, ಒಂದು ಬಂಡೆಯ ಸುತ್ತಲಿನ ಹತ್ತು ಅಡಿಯಲ್ಲಿಯೇ ಒಂದು ಬೆಳಗಿಗೆ ಸಾಲುವಷ್ಟು ಚಿತ್ರಗಳಿರುತ್ತವೆ. ಸಂಜೆ ಮನೆ ಸೇರಿದಾಗ ಒಡೆಯರ ಕಾಲಿನಲ್ಲಿ ಹಿತವಾದ ನೋವು, ಕ್ಯಾಮೆರಾದಲ್ಲಿ ನಾಲ್ಕು ಒಳ್ಳೆಯ ಚಿತ್ರ, ಬಾಗಿಲ ಬಳಿ ನೆಮ್ಮದಿಯಾಗಿ ಮಲಗಿದ ನಾಯಿ, ಬೆಟ್ಟದ ಮೇಲೆ ತುಳಿಯದೆ ಉಳಿದ ಹೂವು. ಈ ನಾಲ್ಕೂ ಕೂಡಿಬಂದರೆ ಆ ದಿನದ ಲೆಕ್ಕ ಸರಿಹೊಂದಿತೆಂದೇ ತಿಳಿಯಬೇಕು.